ವೆರ್ದಿಕ್ಕಿಯೊ ಮತ್ತು ಮೈಲುತುತ್ತು

ಹಿರಿಯರೇ, ಗೆಳೆಯರೇ,

ಅಡಿಕೆ ಬೆಳೆಗಾರರ ಸಭೆಯಲ್ಲಿ ವೈನ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರ ಹುಬ್ಬು ಮೇಲೇರಿತು. ಕುಡಿಸಲು ಬರುತ್ತಿಲ್ಲ ಎಂದು ಭರವಸೆ ಕೊಟ್ಟ ಮೇಲೆಯೇ ಮೈಕ್ ಸಿಕ್ಕಿದ್ದು. ನಾನು ಹೇಳಹೊರಟಿರುವುದು ವೆರ್ದಿಕ್ಕಿಯೊ ಎಂಬ ಇಟಲಿಯ ಬಿಳಿ ವೈನಿನ ಹಿಂದಿರುವ ತೋಟದ ಸಂಗತಿ. ಅಡಿಕೆ ಗೊಂಚಲಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟಿ ಮಳೆಗಾಲ ಕಳೆದವರಿಗೆ ಅದು ಬೇಗ ಅರ್ಥವಾಗುತ್ತದೆ.

ಇಟಲಿಯ ನಕ್ಷೆಯನ್ನು ಬೂಟಿಗೆ ಹೋಲಿಸುತ್ತಾರಲ್ಲ, ಆ ಬೂಟಿನ ಮೀನಖಂಡದ ಜಾಗದಲ್ಲಿ, ಏಡ್ರಿಯಾಟಿಕ್ ಕಡಲಿಗೆ ಮುಖ ಮಾಡಿ ಮಾರ್ಕೆ ಎಂಬ ಪ್ರಾಂತ್ಯವಿದೆ. ಅಲ್ಲಿನ ಯೇಜಿ ಪಟ್ಟಣದ ಸುತ್ತ ಗುಡ್ಡದ ನೆತ್ತಿಗಳ ಮೇಲೆ ಕೋಟೆ ಕಟ್ಟಿಕೊಂಡ ಊರುಗಳು: ಕುಪ್ರಾಮೊಂತಾನಾ, ಸ್ತಾಫೊಲೊ, ಮೊಂತೆಕರೊತ್ತೊ. ಈ ಇಳಿಜಾರುಗಳಲ್ಲಿ ಬೆಳೆಯುವ ಬಿಳಿ ದ್ರಾಕ್ಷಿ ವೆರ್ದಿಕ್ಕಿಯೊ. ವೆರ್ದೆ ಎಂದರೆ ಹಸಿರು. ಹಣ್ಣಾದರೂ ಹಸಿರು ಛಾಯೆ ಬಿಡದ ಕಾಯಿಗೆ ಒಪ್ಪುವ ಹೆಸರು. ಸುಣ್ಣದಂಶ ಬೆರೆತ ಜೇಡಿಮಣ್ಣು, ಕೆಳಗೆ ಎಸಿನೊ ನದಿ, ಪೂರ್ವದಿಂದ ಕಡಲಗಾಳಿ. ಒಳನಾಡಿನ ಮತೇಲಿಕಾ ಕಣಿವೆಯಲ್ಲೂ ಇದೇ ತಳಿ. ಆದರೆ ಆ ಕಣಿವೆ ಉತ್ತರ ದಕ್ಷಿಣವಾಗಿ ಮಲಗಿದೆ, ಕಡಲಗಾಳಿಗೆ ಬೆಟ್ಟ ಅಡ್ಡ. ಹಗಲು ಬಿಸಿ, ರಾತ್ರಿ ಚಳಿ. ಹಾಗಾಗಿ ಹಣ್ಣಿನ ಹುಳಿ ಗಟ್ಟಿಯಾಗಿ ಉಳಿಯುತ್ತದೆ. ಮತೇಲಿಕಾಗೆ 1967ರಲ್ಲಿ, ಯೇಜಿಗೆ ಮರುವರ್ಷ ಮೂಲಸ್ಥಾನದ ಮಾನ್ಯತೆ ಸಿಕ್ಕಿತು. ಗುಟುಕು ಇಳಿದ ಮೇಲೆ ಬಾಯಲ್ಲಿ ಕಹಿಬಾದಾಮಿಯ ಎಳೆಯೊಂದು ಉಳಿಯುವುದು ಎರಡೂ ಕಡೆಯ ವೈನಿನ ಗುರುತು.

1950ರ ದಶಕದಲ್ಲಿ ಪ್ರಾಚೀನ ಹೂಜಿಯ ಆಕಾರದ ಬಾಟಲಿಯಲ್ಲಿ ತುಂಬಿ ಇದನ್ನು ಲೋಕಕ್ಕೆಲ್ಲ ಮಾರಿದರು. ಬಾಟಲಿ ಪ್ರಸಿದ್ಧವಾಯಿತು, ಒಳಗಿನದ್ದು ಅಗ್ಗದ ಸರಕೆನಿಸಿಕೊಂಡಿತು. ಅದು ಇನ್ನೊಂದು ದಿನದ ಮಾತು.

ಅರೆಪಾಲಿನ ಗೇಣಿ ಪದ್ಧತಿ ಮಾರ್ಕೆಯಲ್ಲಿ ಕಳೆದ ಶತಮಾನದ ನಡುವಿನವರೆಗೂ ಬಲವಾಗಿತ್ತು. ಗೇಣಿದಾರರು ಹೊಲ ಬಿಟ್ಟು ಕಾರ್ಖಾನೆಗಳಿಗೆ ಹೋದಾಗ ಹಳ್ಳಿಗಳು ಬರಿದಾದವು. ಆ ಹೊತ್ತಿನಲ್ಲಿ, ಉರ್ಬಿನೊ ಬಳಿಯ ಇಸೋಲಾ ದೆಲ್ ಪಿಯಾನೊದ ಮೇಯರ್ ಜಿನೊ ಜಿರೊಲೊಮೊನಿ 1977ರಲ್ಲಿ ಸಾವಯವ ಸಹಕಾರ ಸಂಘ ಕಟ್ಟಿದರು. ಅವರದು ಗೋಧಿ, ದ್ರಾಕ್ಷಿಯಲ್ಲ. ಆದರೂ ಇಟಲಿಯ ಸಾವಯವ ಕೃಷಿಯ ತೊಟ್ಟಿಲುಗಳಲ್ಲಿ ಮಾರ್ಕೆಯೂ ಒಂದಾದದ್ದು ಹೀಗೆ.

ಸಾವಯವ ವೆರ್ದಿಕ್ಕಿಯೊ ಎಂದರೇನು? ಸಾಲುಗಳ ನಡುವೆ ಹುರುಳಿಯ ಜಾತಿಯ ಗಿಡ ಬೆಳೆಸಿ ಮಣ್ಣಿಗೇ ಸೇರಿಸುತ್ತಾರೆ, ಕಳೆನಾಶಕ ಮುಟ್ಟುವುದಿಲ್ಲ. ಬೂದಿ ರೋಗಕ್ಕೆ ಗಂಧಕ. ವೈನ್ ಮಾಡುವಾಗಲೂ ಮಿತಿಯಿದೆ: ಸಾಮಾನ್ಯ ಒಣ ಬಿಳಿ ವೈನಿಗೆ ಕೆಡದಂತೆ ಕಾಯುವ ಸಲ್ಫೈಟನ್ನು ಲೀಟರಿಗೆ 200 ಮಿಲಿಗ್ರಾಂ ಹಾಕಬಹುದಾದರೆ, ಸಾವಯವಕ್ಕೆ 150. ಈ ನಿಯಮ ಬಂದದ್ದು 2012ರಲ್ಲಿ. ಅಲ್ಲಿಯವರೆಗೆ ಯುರೋಪಿನಲ್ಲಿ ಸಾವಯವ ದ್ರಾಕ್ಷಿ ಇತ್ತು, ಕಾನೂನಿನ ಕಣ್ಣಿಗೆ ಸಾವಯವ ವೈನ್ ಇರಲಿಲ್ಲ!

ಇನ್ನು ವಿಜಯಪುರದ ದ್ರಾಕ್ಷಿ ಬೆಳೆಗಾರರು ಡೌನಿ ಎನ್ನುವ ರೋಗ. ಅಮೆರಿಕದಿಂದ ಬಂದು 1870ರ ದಶಕದ ಕೊನೆಯಲ್ಲಿ ಯುರೋಪಿನ ಬಳ್ಳಿಗಳ ಮೇಲೆ ಬಿದ್ದ ಇದು ನಮ್ಮ ಅಡಿಕೆಯ ಕೊಳೆರೋಗದ ದಾಯಾದಿ. ಮಳೆ, ತೇವ, ಮೋಡ, ಇಷ್ಟು ಸಾಕು. ಮದ್ದೂ ಒಂದೇ. 1885ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ದೆ ಎಂಬ ವಿಜ್ಞಾನಿ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ದ್ರಾವಣವನ್ನು ಪ್ರಕಟಿಸಿದ. ಅದನ್ನೇ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಅಡಿಕೆ ತೋಟಗಳಿಗೆ ತಂದರು. ಅಡಿಕೆ ಮರ ಹತ್ತಿ ಮದ್ದು ಹೊಡೆಯುವ ನಮ್ಮ ಕೊನೆಗೌಡರ ಅಂಗಿಯ ಮೇಲಿನ ನೀಲಿ ಕಲೆ ದ್ರಾಕ್ಷಿತೋಟದಿಂದ ಬಂದದ್ದು.

ಸಾವಯವ ಬೆಳೆಗಾರನಿಗೂ ಈ ದ್ರಾವಣ ನಿಷಿದ್ಧವಲ್ಲ. ಸಾವಯವ ಎಂದರೆ ಏನನ್ನೂ ಹೊಡೆಯದ್ದು ಎಂದು ನಂಬಿದವರಿಗೆ ಇದು ಸ್ವಲ್ಪ ಕಸಿವಿಸಿ. ಆದರೆ ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವ ವಸ್ತುವಲ್ಲ, ಎರೆಹುಳುವಿಗೆ ಹಿತವೂ ಅಲ್ಲ. ಹಾಗಾಗಿ 2019ರಿಂದ ಯುರೋಪ್ ಒಕ್ಕೂಟದಲ್ಲಿ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಹೆಚ್ಚೆಂದರೆ ಒಟ್ಟು 28 ಕೆ.ಜಿ. ತಾಮ್ರ, ಅಂದರೆ ಸರಾಸರಿ ವರ್ಷಕ್ಕೆ 4 ಕೆ.ಜಿ. ಮೈಲುತುತ್ತಿನಲ್ಲಿ ತಾಮ್ರ ಕಾಲು ಭಾಗ. ನಮ್ಮ ಡ್ರಮ್ಮಿನ ಲೆಕ್ಕಕ್ಕೆ ಇಳಿಸಿದರೆ ಎಕರೆಗೆ ವರ್ಷಕ್ಕೆ ಆರೂವರೆ ಕೆ.ಜಿ. ಮೈಲುತುತ್ತು, ಶೇಕಡಾ 1ರ ದ್ರಾವಣವಾದರೆ 650 ಲೀಟರ್. ಮನೆಗೆ ಹೋಗಿ ನಿಮ್ಮ ತೋಟದ ಲೆಕ್ಕ ಹಾಕಿ ನೋಡಿ.

ಇದಕ್ಕೇ ಇಳಿಜಾರು ಮತ್ತು ಗಾಳಿಯ ಮಾತು ಮೊದಲೇ ಎತ್ತಿದ್ದು. ನೀರು ನಿಲ್ಲದ, ಎಲೆ ಬೇಗ ಒಣಗುವ ತೋಟಕ್ಕೆ ತಾಮ್ರ ಕಡಿಮೆ ಸಾಕು. ಬಾಟಲಿಯ ಮೇಲಿನ ಸಾವಯವದ ಹಸಿರು ಎಲೆಯ ಮುದ್ರೆಗಿಂತ ಊರಿನ ಹೆಸರನ್ನು ನಾನು ಹೆಚ್ಚು ಗಮನವಿಟ್ಟು ಓದುವುದು ಅದಕ್ಕೇ.

2023ರಲ್ಲಿ ಮಾತ್ರ ಗುಡ್ಡವೂ ಗಾಳಿಯೂ ಕೈಕೊಟ್ಟವು. ಮೇ, ಜೂನ್ ತಿಂಗಳಲ್ಲಿ ಮಾರ್ಕೆ, ಪಕ್ಕದ ಅಬ್ರುತ್ಸೊ ಕಡೆ ಬಿಡದೆ ಮಳೆ. ತಾಮ್ರ ಎಲೆಯ ಹೊರಮೈಗೆ ಅಂಟಿ ಕಾಯುವ ಮದ್ದು; ಒಳಗೆ ಇಳಿಯುವುದಿಲ್ಲ, ಜೋರು ಮಳೆಗೆ ತೊಳೆದುಹೋಗುತ್ತದೆ. ಮತ್ತೆ ಹೊಡೆಯೋಣವೆಂದರೆ ಹಸಿ ಜೇಡಿಯಲ್ಲಿ ಟ್ರ್ಯಾಕ್ಟರ್ ಹೂತುಹೋಗುತ್ತಿತ್ತು. ರಾಸಾಯನಿಕ ಹೊಡೆಯುವವರೂ ಸೋತರು, ಸಾವಯವದವರಿಗೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಡೌನಿ ಹಿಡಿದು ಎಳೆಗೊಂಚಲುಗಳು ಕಂದಿ, ಬಳ್ಳಿಯಲ್ಲೇ ಒಣಗಿ ನಿಂತವು. ಆ ವರ್ಷದ ಸಾವಯವ ವೆರ್ದಿಕ್ಕಿಯೊ ಅಂಗಡಿಗಳಲ್ಲಿ ಅಪರೂಪವಾಗಿದ್ದರೆ, ಕಾರಣ ಇದು.