ಫ್ರೇಮಿನ ಅಂಚಲ್ಲಿ ಉಮಾಶ್ರೀ

ಕ್ಯಾಮೆರಾ ಸ್ವಲ್ಪ ಅಲ್ಲಾಡ್ತಿದೆ. ಬೆಂಗಳೂರಿನ ಜೆ.ಸಿ. ರಸ್ತೆ ಫುಟ್‌ಪಾತೇ ಹಾಗಿದೆ, ಎರಡು ನಿಮಿಷ ಹೊಂದ್ಕೊಳ್ಳಿ. ಮುಂದೆ ಕಾಣ್ತಿರೋದು ರವೀಂದ್ರ ಕಲಾಕ್ಷೇತ್ರ, ಹಿಂದುಗಡೆ ಸಂಸ ಬಯಲು ರಂಗಮಂದಿರ, ಪಕ್ಕದಲ್ಲಿ ಕನ್ನಡ ಭವನ. ಉಮಾಶ್ರೀ ಅವರ ಬಗ್ಗೆ ಮಾತಾಡೋಕೆ ಈ ಜಾಗನೇ ಯಾಕೆ ಅಂದ್ರೆ, ರಂಗಭೂಮಿಯಿಂದ ಬಂದ ಹೆಣ್ಣುಮಗಳು 2013ರಲ್ಲಿ ತೇರದಾಳದಿಂದ ಗೆದ್ದು ಕನ್ನಡ ಮತ್ತು ಸಂಸ್ಕೃತಿ ಸಚಿವೆ ಆದ್ರು. ಆ ಇಲಾಖೆ ಇರೋದು ಇದೇ ಕನ್ನಡ ಭವನದಲ್ಲಿ. ನಾಟಕದವರು ಚಹಾ ಕುಡಿಯೋ ಜಾಗಕ್ಕೂ ಇಲಾಖೆಗೂ ನಾಲ್ಕು ಹೆಜ್ಜೆ. ರಾಜಕೀಯದ ಮಾತು ಇಲ್ಲಿಗೆ ಸಾಕು, ಇವತ್ತಿನ ವಿಷಯ ನಟನೆ.

ಹುಟ್ಟಿದ್ದು 1957ರಲ್ಲಿ, ತಿಪಟೂರು ತಾಲೂಕಿನ ನೊಣವಿನಕೆರೆ. ಸಿನಿಮಾದಲ್ಲಿ ಜನ ಗುರುತು ಹಿಡಿದಿದ್ದು ಕಾಶೀನಾಥ್ ಅವರ ‘ಅನುಭವ’ದಿಂದ, 1984. ಆದರೆ ನಾಟಕದವರನ್ನ ಕೇಳಿ, ಮೊದಲು ಹೇಳೋ ಹೆಸರು ಸಾಕವ್ವ. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನ ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಸಾಕವ್ವ ಆಗಿದ್ದು ಇವರು. ಕಳೆದುಹೋದ ಹುಂಜಕ್ಕೋಸ್ಕರ ಊರೆಲ್ಲ ಬೈದಾಡೋ ಮುದುಕಿ. ಪಾತ್ರಕ್ಕೂ ಮಾಡಿದವರಿಗೂ ವಯಸ್ಸಿನ ಅಂತರ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಎಳೆ ವಯಸ್ಸಿನವರು ಮುದುಕಿ ಪಾತ್ರ ಮಾಡಿದ್ರೆ ಕೆಡೋದು ಒಂದೇ ಕಡೆ. ಬೆನ್ನು ಬಗ್ಗಿಸ್ತಾರೆ, ಧ್ವನಿ ನಡುಗಿಸ್ತಾರೆ. ಬೆನ್ನು ಬಗ್ಗಿಸಿದ್ರೆ ಹೊಟ್ಟೆ ಮಡಚುತ್ತೆ, ಉಸಿರಿಗೆ ಜಾಗ ಇರಲ್ಲ, ಮಾತು ಎದುರಿನ ಮೂರು ಸಾಲು ದಾಟಲ್ಲ. ಸಾಕವ್ವನ ಬೈಗುಳ ಉದ್ದುದ್ದ ಇರುತ್ತೆ, ನಂಜನಗೂಡು ಕಡೆ ಮಾತು ಬೇರೆ, ಒಂದು ಉಸಿರಲ್ಲಿ ಹೋಗಬೇಕು. ಮೊಣಕಾಲು ಸಡಿಲ ಬಿಟ್ಟು, ಭಾರನೆಲ್ಲ ಹಿಮ್ಮಡಿಗೆ ಹಾಕಿ ನಿಂತ್ರೆ ವಯಸ್ಸು ಕಾಲಲ್ಲಿ ಕಾಣುತ್ತೆ, ಎದೆ ಖಾಲಿ ಇರುತ್ತೆ. ಹಾಗೆ ಕಟ್ಟಿದ ಎದೆಯ ಧ್ವನಿ ಒಂದಿದೆಯಲ್ಲ, ಉಮಾಶ್ರೀ ಅವರ ಬಂಡವಾಳ ಅದು. ಮುಖ ಆಮೇಲೆ.

ಸರಿ, ಒಳಗೆ ಬಂದ್ವಿ. ಲ್ಯಾಪ್‌ಟಾಪ್ ಆನ್ ಮಾಡೋದೆಲ್ಲ ಕಾಣ್ತಿದೆ, ಹೇಳಲ್ಲ.

ಈಗ ನನಗೆ ಸಿಟ್ಟು ಬರಿಸೋ ವಿಷಯ. ಉಮಾಶ್ರೀ ಹೆಸರು ಹುಡುಕಿದ್ರೆ ಮೊದಲು ಸಿಗೋದು ಕಾಮಿಡಿ ತುಣುಕುಗಳು. ಹಾಸ್ಯನಟರಾದ ಎನ್.ಎಸ್. ರಾವ್ ಜೊತೆ, ದಿನೇಶ್ ಜೊತೆ. ಹೆಚ್ಚಿನವು ಹಾಳು ಪ್ರತಿ. ಹೇಗೆ ಹಾಳು ಅಂತ ತೋರಿಸ್ತೀನಿ, ಯಾಕಂದ್ರೆ ಹಾಳಾಗಿರೋದು ಚಿತ್ರ ಅಲ್ಲ, ನಟನೆ.

ಪೋಷಕ ನಟಿ ನಿಲ್ಲೋದು ಎಲ್ಲಿ? ಫ್ರೇಮಿನ ಅಂಚಲ್ಲಿ. ಮಧ್ಯದಲ್ಲಿ ನಾಯಕ ಇರ್ತಾನೆ. ಸಿನಿಮಾಸ್ಕೋಪಲ್ಲಿ, ಅಂದ್ರೆ ಅಗಲ ಪರದೆಗೆ ಅಂತ ತೆಗೆದ ಸಿನಿಮಾ ಎತ್ತರಕ್ಕಿಂತ 2.35 ಪಟ್ಟು ಅಗಲ. ಅದನ್ನ ಅಗಲ 4, ಎತ್ತರ 3 ಇರೋ ಹಳೇ ಟಿವಿಯ 4:3 ಡಬ್ಬಿಗೆ ತುಂಬಬೇಕಾದ್ರೆ ಎರಡೂ ಪಕ್ಕ ಸೇರಿ ಶೇ. 43ರಷ್ಟು ಕತ್ತರಿಸಬೇಕು. ಅರ್ಧಕ್ಕೆ ಸ್ವಲ್ಪ ಕಮ್ಮಿ ಚಿತ್ರ ಕಸಕ್ಕೆ! ಅಂಚಲ್ಲಿ ನಿಂತು ಕಣ್ಣಲ್ಲೇ ಉತ್ತರ ಕೊಡ್ತಿದ್ದವರು ಮೊದಲು ಹೋಗ್ತಾರೆ. ಆಮೇಲೆ ಅದೇ ಪ್ರತಿಯನ್ನ ಇವತ್ತಿನ 16:9 ಪರದೆ ತುಂಬೋ ಹಾಗೆ ಎಳೀತಾರೆ, ಎಲ್ಲರೂ ಮೂರನೇ ಒಂದು ಭಾಗ ದಪ್ಪ. ಹಣೆ ನೋಡಿ, ವಿಡಿಯೋ ನಿಲ್ಲಿಸಿದ್ದೀನಿ. ಕುಂಕುಮ ದುಂಡಗಿರಬೇಕು, ಮೊಟ್ಟೆ ಥರ ಅಡ್ಡ ಮಲಗಿದೆ. ತಟ್ಟೆ, ಗಡಿಯಾರ, ಗಾಡಿ ಚಕ್ರ, ಯಾವುದು ದುಂಡಗಿರಬೇಕೋ ಅದನ್ನ ನೋಡಿದ್ರೆ ಪ್ರತಿ ಎಳೆದಿದ್ದಾರಾ ಇಲ್ವಾ ಗೊತ್ತಾಗುತ್ತೆ. ಈ ರೋಗಕ್ಕೆ ಮದ್ದಿದೆ. ವಿಡಿಯೋ ಓಡಿಸೋ ಸಾಫ್ಟ್‌ವೇರ್ ವಿಎಲ್‌ಸಿಯಲ್ಲಿ ಕೀಬೋರ್ಡಿನ ‘ಎ’ ಒತ್ತುತ್ತಾ ಹೋಗಿ, 4:3 ಬಂದಾಗ ನಿಲ್ಲಿಸಿ. ನೋಡಿ, ಮುಖ ಮುಖ ಆಯ್ತು. ಕತ್ತರಿಸಿದ್ದು ಮಾತ್ರ ವಾಪಸ್ ಬರಲ್ಲ.

ಇನ್ನು ಮೊಬೈಲ್ ನೆಟ್ಟಗೆ ಹಿಡಿದು ನೋಡೋ ರೀಲ್ಸ್. 16:9 ಚಿತ್ರದಿಂದ 9:16 ಪಟ್ಟಿ ಕತ್ತರಿಸಿದ್ರೆ ಉಳಿಯೋದು ಶೇ. 32. ಒಬ್ಬರ ಮುಖ, ಅಷ್ಟೇ. ಬೈಯೋರು ಕಾಣ್ತಾರೆ, ಬೈಸ್ಕೊಳ್ಳೋರು ಕಾಣಲ್ಲ. ಹಾಸ್ಯ ಹುಟ್ಟೋದು ಬೈಸ್ಕೊಂಡವರ ಮುಖದಲ್ಲಿ ಸ್ವಾಮಿ!

ಧ್ವನಿನೂ ಬಿಟ್ಟಿಲ್ಲ. ಸಿನಿಮಾ ಓಡೋದು ಸೆಕೆಂಡಿಗೆ 24 ಫ್ರೇಮ್, ನಮ್ಮ ಹಳೇ ಟಿವಿ 25. ಎಷ್ಟೋ ಹಳೇ ಪ್ರತಿಗಳಲ್ಲಿ ಸಿನಿಮಾನೇ ಶೇ. 4 ವೇಗವಾಗಿ ಓಡಿಸಿದ್ದಾರೆ. ಮಾತು ಬೇಗ ಆಗುತ್ತೆ, ಶ್ರುತಿನೂ ಏರುತ್ತೆ. ಆ ಎದೆಯ ಧ್ವನಿ ಗಂಟಲಿಗೆ ಬಂದು ಕೂತ ಹಾಗೆ ಕೇಳುತ್ತೆ. ವೇಗ 0.96ಕ್ಕೆ ಇಳಿಸಿ ನೋಡಿ. ಆದರೆ ವಿಎಲ್‌ಸಿ ಶ್ರುತಿಯನ್ನ ಇದ್ದಲ್ಲೇ ಹಿಡಿದಿಟ್ಟುಬಿಡುತ್ತೆ, ಆಡಿಯೋ ಸೆಟ್ಟಿಂಗ್ಸಲ್ಲಿ ಟೈಮ್ ಸ್ಟ್ರೆಚಿಂಗ್ ಟಿಕ್ ತೆಗೀಬೇಕು. ತೆಗೆದ ಮೇಲೆ ಕೇಳಿ, ವ್ಯತ್ಯಾಸ ಸಣ್ಣದು, ಆದರೆ ಧ್ವನಿ ಕೆಳಗಿಳಿದು ತನ್ನ ಜಾಗಕ್ಕೆ ಬರುತ್ತೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಎಡಿಟಿಂಗಲ್ಲಿ. ಎದುರಿನವರ ಮಾತು ಮುಗಿದ ಮೇಲೆ ಅರ್ಧ ಸೆಕೆಂಡು ಸುಮ್ಮನೆ ನೋಡಿ ಆಮೇಲೆ ಉತ್ತರ ಕೊಡೋದಿದೆಯಲ್ಲ, ಆ ಅರ್ಧ ಸೆಕೆಂಡು 12 ಫ್ರೇಮ್. ತುಣುಕು ಮಾಡೋರು ‘ಲ್ಯಾಗ್’ ಅಂತ ಅದನ್ನೇ ಕಿತ್ತುಹಾಕ್ತಾರೆ. ಮಾತಿಗೆ ಮಾತು ತಾಗಿಸಿ ಬಿಡ್ತಾರೆ. ಆಗ ಉಳಿಯೋದು ಬರೀ ದ್ವಂದ್ವಾರ್ಥ. ‘ಅಯ್ಯೋ, ಉಮಾಶ್ರೀ ಅಂದ್ರೆ ಡಬಲ್ ಮೀನಿಂಗ್’ ಅಂತ ಜನ ತೀರ್ಮಾನ ಮಾಡೋದು ಈ 12 ಫ್ರೇಮ್ ಹೋದ ತುಣುಕು ನೋಡಿ.

ನನ್ನ ಪ್ರಕಾರ ಎಂಬತ್ತು, ತೊಂಬತ್ತರ ಆ ಹಾಸ್ಯ ಪಾತ್ರಗಳು ಇಂಥ ನಟಿಗೆ ದಂಡ. ಸಾಕವ್ವನ್ನ ಹೊತ್ತವರ ಕೈಗೆ ಚಿತ್ರರಂಗ ಕೊಟ್ಟಿದ್ದು ಜಗಳಗಂಟಿ ಹೆಂಡತಿ, ಬಾಯಿಬಡುಕಿ ಅತ್ತೆ.

ಇಲ್ಲ, ತಡೀರಿ, ಮಾತು ವಾಪಸ್ ತಗೋತೀನಿ. ಮುಂದಿನ ಶಾಟ್ ನೋಡಿದ ಮೇಲೆ ದಂಡ ಅನ್ನೋಕಾಗಲ್ಲ.

ಇದು ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’. ವೈದೇಹಿ ಅವರ ಕಥೆ ಆಧಾರ, ಸಿನಿಮಾ ನಡೆಯೋದು ಕಾರ್ಗಿಲ್ ಯುದ್ಧದ ಹೊತ್ತಿಗೆ, ಕುಂದಾಪುರದ ಮೀನುಗಾರರ ನಡುವೆ. ಗುಲಾಬಿ ಸೂಲಗಿತ್ತಿ, ಮುಸ್ಲಿಂ ಹೆಣ್ಣುಮಗಳು, ಸಿನಿಮಾ ಅಂದ್ರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಡಿಶ್ ಸಮೇತ ಟಿವಿ ಉಡುಗೊರೆ ಬರುತ್ತೆ, ಕೇರಿ ಹೆಂಗಸರೆಲ್ಲ ಅವಳ ಮನೇಲಿ ಸೇರ್ತಾರೆ. 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಉಮಾಶ್ರೀ ಅತ್ಯುತ್ತಮ ನಟಿ. ಆ ಸಲ ಅತ್ಯುತ್ತಮ ನಟ ಪ್ರಕಾಶ್ ರೈ, ‘ಕಾಂಚೀವರಂ’ ತಮಿಳು ಚಿತ್ರಕ್ಕೆ. ಇಬ್ಬರೂ ಕನ್ನಡದವರು, ಖುಷಿಯಾಗುತ್ತೆ.

ಈಗ ಗುಲಾಬಿ ಪರದೆ ನೋಡೋದನ್ನ ನೀವು ನೋಡಿ. ಸಿನಿಮಾದ ಒಳಗೆ ಸಿನಿಮಾ ನೋಡೋದನ್ನ ನಟಿಸೋದು ಬಲು ಕಷ್ಟ. ಎದುರಿಗೆ ಏನೂ ಇಲ್ಲದಿರಬಹುದು, ನಗು ಯಾವ ಹೊತ್ತಿಗೆ ಬರಬೇಕು, ಬಾಯಿ ಎಷ್ಟು ತೆರೀಬೇಕು ಅಂತ ಒಳಗೇ ಲೆಕ್ಕ ಇರಬೇಕು. ಸಾಮಾನ್ಯವಾಗಿ ಎಡವೋದು ಎಲ್ಲಿ ಅಂದ್ರೆ, ಕಣ್ಣು ಒಂದೇ ಚುಕ್ಕೆ ಮೇಲೆ ನೆಟ್ಟುಬಿಡ್ತಾರೆ. ನಿಜವಾಗಿ ಸಿನಿಮಾ ನೋಡೋರ ಕಣ್ಣು ಎಡಕ್ಕೂ ಬಲಕ್ಕೂ ಸಣ್ಣಗೆ ಓಡಾಡ್ತಾ ಇರುತ್ತೆ. ಇದೆಲ್ಲ ಕಲಿಯೋದೆಲ್ಲಿ? ಅಂಚಲ್ಲಿ ನಿಂತು ಇನ್ನೊಬ್ಬರ ಮಾತು ಕೇಳಿಸ್ಕೊಂಡ ಇಪ್ಪತ್ತು ವರ್ಷದಲ್ಲಿ. ಅಲ್ಲಿ ನಗಿಸೋಕೆ ಕಾದ 12 ಫ್ರೇಮ್ ಇಲ್ಲಿ ಬೇರೆ ಕೆಲಸಕ್ಕೆ ಬಂತು. ಗಂಡ ಮೂಸಾ ಇನ್ನೊಂದು ಸಂಸಾರ ಮಾಡ್ಕೊಂಡಿದ್ದಾನೆ, ಕೇರಿಯವರು ಹತ್ತಿರ ಬರ್ತಾರೆ, ಆಮೇಲೆ ದೂರ ಆಗ್ತಾರೆ. ಇವೆಲ್ಲಕ್ಕೂ ಗುಲಾಬಿಯ ಉತ್ತರ ಹೆಚ್ಚಿನ ಕಡೆ ಮಾತಲ್ಲಿಲ್ಲ.

ಚಹಾ ಬಂತು, ಅದು ಪಕ್ಕಕ್ಕಿರಲಿ. ಸೀರಿಯಲ್ ಬಗ್ಗೆ ಒಂದು ಮಾತು, ಬೇಗ ಹೇಳ್ತೀನಿ. 2021ರ ಕೊನೆಗೆ ‘ಪುಟ್ಟಕ್ಕನ ಮಕ್ಕಳು’ ಶುರುವಾಯ್ತು. ಗಂಡ ಬಿಟ್ಟುಹೋದವಳು, ಮೂರು ಹೆಣ್ಣುಮಕ್ಕಳು, ಮೆಸ್ ನಡೆಸ್ತಾಳೆ. ಧಾರಾವಾಹಿಯಲ್ಲಿ ಒಂದು ಗಾಬರಿಗೆ ಅದೇ ಮುಖವನ್ನ ಮೂರು ಸಲ ಹತ್ತಿರದಿಂದ ತೋರಿಸಿ ಮೂರು ಸಲ ‘ಢಂ’ ಅನ್ನಿಸ್ತಾರೆ. ಮೊದಲನೇದಕ್ಕೇ ಎಲ್ಲ ಭಾವ ಸುರಿದುಬಿಟ್ರೆ ಉಳಿದ ಎರಡಕ್ಕೆ ಏನೂ ಇರಲ್ಲ. ಪುಟ್ಟಕ್ಕನನ್ನ ನೋಡಿ, ಮೊದಲ ಸಲ ಬರೀ ಉಸಿರು ನಿಲ್ಲುತ್ತೆ, ಕಣ್ಣು ತುಂಬೋದು ಕೊನೇದರಲ್ಲಿ. ಸೀರಿಯಲ್ ಅಂತ ಮೂಗು ಮುರಿಯೋರು ಇಷ್ಟು ಗಮನಿಸಿದ್ರೆ ಸಾಕು.

ಬೆಳಕು ಹೋಗ್ತಿದೆ, ಸಂಸ ಬಯಲು ರಂಗಮಂದಿರದ ಮೆಟ್ಟಿಲಿಂದ ಕೊನೇ ಶಾಟ್. ಎಲ್ಲಿಂದ ಶುರು ಮಾಡ್ಲಿ ಅನ್ನೋರಿಗೆ: ‘ಗುಲಾಬಿ ಟಾಕೀಸ್’ ಮೊದಲು, ಪೂರ್ತಿ, ತುಣುಕಲ್ಲ. ಆಮೇಲೆ ಒಂದು ಹಳೇ ಹಾಸ್ಯದ ಸಿನಿಮಾ, ಇವರು ಮಾತಾಡದೇ ಇರೋ ಕಡೆ ಮಾತ್ರ ಇವರನ್ನ ನೋಡ್ತಾ. ಫೋನಲ್ಲೇ ನೋಡೋದಾದ್ರೆ ಅಡ್ಡ ಹಿಡ್ಕೊಳ್ಳಿ.