ಸಿಬಿಸಿ ರಿಪೋರ್ಟ್‌ನ ಬಿಳಿ ರಕ್ತಕಣಗಳು: ಯಾವುದರ ಕೆಲಸ ಏನು?

(ಪರದೆ: ಮೊಬೈಲ್‌ನಲ್ಲಿ ತೆರೆದ ಸಿಬಿಸಿ ರಿಪೋರ್ಟ್)

ನಮಸ್ಕಾರ. ಮುಂಬೈ ಮಳೆಗಾಲ. ಡೊಂಬಿವ್ಲಿಯಲ್ಲಿರಲಿ, ಮಾಟುಂಗಾದಲ್ಲಿರಲಿ, ಜ್ವರ ಬಿಡಲಿಲ್ಲ ಅಂದರೆ ಡಾಕ್ಟರ್ ಮೊದಲು ಬರೆದುಕೊಡುವುದು ಸಿಬಿಸಿ, ಅಂದರೆ ರಕ್ತದ ಕಣಗಳನ್ನು ಎಣಿಸುವ ಟೆಸ್ಟ್. ರಿಪೋರ್ಟ್ ವಾಟ್ಸಾಪ್‌ಗೆ ಬರುತ್ತದೆ. ಪ್ಲೇಟ್‌ಲೆಟ್ ಎಷ್ಟಿದೆ ಅಂತ ನೋಡುತ್ತೇವೆ, ಊರಿಗೆ ಫೋನ್ ಮಾಡಿ ಹೇಳುತ್ತೇವೆ, ಅಲ್ಲಿಗೆ ಮುಗಿಯಿತು. ಉಳಿದ ಸಾಲುಗಳನ್ನು ಇವತ್ತು ಓದೋಣ.

(ಪರದೆ: ‘ಡಬ್ಲ್ಯೂಬಿಸಿ’ ಸಾಲು ದೊಡ್ಡದಾಗಿ)

ಇದು ಬಿಳಿ ರಕ್ತಕಣಗಳ ಲೆಕ್ಕ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 4,000ದಿಂದ 11,000. ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅದರ ಕೆಳಗೆ ಯಾವ ಬಗೆ ಶೇಕಡಾ ಎಷ್ಟು ಅಂತ ಇರುತ್ತದೆ.

ನ್ಯೂಟ್ರೋಫಿಲ್‌ಗಳೇ ಜಾಸ್ತಿ, ಶೇಕಡಾ 40ರಿಂದ 70. ಗಾಯದೊಳಗೆ ಬ್ಯಾಕ್ಟೀರಿಯಾ ಹೊಕ್ಕರೆ ಇವು ರಕ್ತನಾಳದ ಗೋಡೆಯ ಸಂದಿಯಲ್ಲಿ ನುಸುಳಿ, ಕೆಲವೇ ಗಂಟೆಗಳಲ್ಲಿ ಅಲ್ಲಿಗೆ ಬರುತ್ತವೆ. ಬಂದದ್ದೇ ನುಂಗಲು ಶುರು. ಕೆಲವಂತೂ ವರ್ಸೋವಾದ ಮೀನುಗಾರರು ಬಲೆ ಬೀಸಿದ ಹಾಗೆ ತಮ್ಮದೇ ಡಿಎನ್‌ಎಯನ್ನು ಹೊರಗೆ ಚೆಲ್ಲಿ ಬ್ಯಾಕ್ಟೀರಿಯಾ ಹಿಡಿಯುತ್ತವೆ, ಸಾಮಾನ್ಯವಾಗಿ ಹಾಗೆಯೇ ಸಾಯುತ್ತವೆ. ಗಾಯದಲ್ಲಿ ಕಾಣುವ ಕೀವು ಇದೆಯಲ್ಲ, ಅದರಲ್ಲಿ ಬಹುಪಾಲು ಸತ್ತ ನ್ಯೂಟ್ರೋಫಿಲ್‌ಗಳೇ!

ಮೊನೊಸೈಟ್ ರಕ್ತ ಬಿಟ್ಟು ಅಂಗಾಂಶಕ್ಕೆ ಇಳಿದರೆ ಮ್ಯಾಕ್ರೋಫೇಜ್ ಆಗುತ್ತದೆ. ಇದೂ ನುಂಗುವ ಜೀವಕೋಶವೇ. ಜೀವಕೋಶಗಳು ರೋಗಾಣುಗಳನ್ನು ನುಂಗಿ ನಮ್ಮನ್ನು ಕಾಯುತ್ತವೆ ಅಂತ ತೋರಿಸಿಕೊಟ್ಟ ವಿಜ್ಞಾನಿ ಮೆಚ್ನಿಕಾಫ್ ಅವರಿಗೆ 1908ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಹಾಫ್‌ಕಿನ್ ನಮ್ಮ ಮುಂಬೈಗೆ ಬಂದು, ಭಾಯಖಳಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಪ್ಲೇಗ್ ಲಸಿಕೆ ಮಾಡಿ, 1897ರ ಜನವರಿಯಲ್ಲಿ ಮೊದಲು ತಾವೇ ಚುಚ್ಚಿಸಿಕೊಂಡರು. ಪರೇಲ್‌ನಲ್ಲಿರುವ ಸಂಸ್ಥೆಗೆ ಅವರದೇ ಹೆಸರು.

ಇಯೊಸಿನೊಫಿಲ್ ಜಾಸ್ತಿಯಾದರೆ ಅಲರ್ಜಿಯೋ ಹೊಟ್ಟೆಹುಳುವೋ ಅಂತ ಡಾಕ್ಟರ್ ಯೋಚಿಸುತ್ತಾರೆ. ಬೇಸೊಫಿಲ್ ಇರುವುದೇ ಶೇಕಡಾ ಒಂದರ ಆಸುಪಾಸು. ಮುಂದೆ ಹೋಗೋಣ.

(ಪರದೆ: ‘ಲಿಂಫೊಸೈಟ್’ ಸಾಲು)

ಈ ಒಂದೇ ಹೆಸರಿನಡಿ ಹಲವರಿದ್ದಾರೆ. ರಿಪೋರ್ಟ್ ಅವರನ್ನು ಬೇರೆ ಮಾಡಿ ಹೇಳುವುದಿಲ್ಲ. ಟಿ ಕೋಶಗಳು ಎದೆಯಲ್ಲಿರುವ ಥೈಮಸ್ ಗ್ರಂಥಿಯಲ್ಲಿ ಬೆಳೆಯುತ್ತವೆ. ಸ್ವಂತ ದೇಹದ ಮೇಲೇ ಬೀಳುವಂಥವು ಹೆಚ್ಚಾಗಿ ಅಲ್ಲೇ ಸಾಯುತ್ತವೆ. ಉಳಿದವುಗಳಲ್ಲಿ ಕೆಲವು ವೈರಸ್ ಹೊಕ್ಕ ಜೀವಕೋಶವನ್ನೇ ಕೊಲ್ಲುತ್ತವೆ, ಇನ್ನು ಕೆಲವು ಬಿ ಕೋಶಗಳಿಗೆ ನೆರವಾಗುತ್ತವೆ. ಬಿ ಕೋಶಗಳದು ಆಂಟಿಬಾಡಿ, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್ ಮಾಡುವ ಕೆಲಸ. ಹೊಸ ರೋಗಕ್ಕೆ ಅದು ಸಿದ್ಧವಾಗಲು ಸುಮಾರು ಒಂದು ವಾರವಾದರೂ ಬೇಕು. ರೋಗ ಹೋದ ಮೇಲೂ ಕೆಲವು ಕೋಶಗಳು ನೆನಪಿಟ್ಟುಕೊಂಡು ಉಳಿಯುತ್ತವೆ. ಲಸಿಕೆ ನಂಬಿಕೊಂಡಿರುವುದು ಇದನ್ನೇ.

ಆದರೆ ಡೆಂಗ್ಯೂ ವಿಷಯದಲ್ಲಿ ಈ ನೆನಪೇ ಕೈಕೊಡಬಹುದು. ಡೆಂಗ್ಯೂ ವೈರಸ್‌ನಲ್ಲಿ 4 ಬಗೆ. ಒಂದು ಬಗೆ ಬಂದು ಹೋದ ಮೇಲೆ ಇನ್ನೊಂದು ಬಂದರೆ, ಹಳೆಯ ಆಂಟಿಬಾಡಿ ಅದಕ್ಕೆ ಅಂಟಿಕೊಳ್ಳುತ್ತದೆ, ಆದರೆ ತಡೆಯಲಾರದು. ಆ ಅಂಟಿನಿಂದಲೇ ವೈರಸ್‌ಗೆ ಮ್ಯಾಕ್ರೋಫೇಜ್ ಒಳಗೆ ನುಗ್ಗುವುದು ಸಲೀಸು. ‘ಒಮ್ಮೆ ಬಂದಾಗಿದೆ, ಇನ್ನೇನು ಭಯ’ ಅನ್ನುವವರು ನಮ್ಮಲ್ಲಿ ಬಹಳ. ಎರಡನೇ ಸಲವೇ ಕಾಯಿಲೆ ಜೋರಾಗುವ ಅಪಾಯ ಜಾಸ್ತಿ.

ಡೆಂಗ್ಯೂನಲ್ಲಿ ಬಿಳಿ ಕಣಗಳು ಸಾಮಾನ್ಯವಾಗಿ ಇಳಿಯುತ್ತವೆ. ಮಳೆನೀರಲ್ಲಿ ನಡೆದವರಿಗೆ ಬರುವ ಲೆಪ್ಟೊದಲ್ಲಿ, ಅಂದರೆ ಲೆಪ್ಟೊಸ್ಪೈರೋಸಿಸ್ ಜ್ವರದಲ್ಲಿ, ನ್ಯೂಟ್ರೋಫಿಲ್ ಏರುವುದುಂಟು. ಹಾಗಂತ ಇಷ್ಟನ್ನೇ ನೋಡಿ ನೀವೇ ತೀರ್ಮಾನ ಮಾಡಬೇಡಿ, ಅದಕ್ಕೆ ಬೇರೆ ಟೆಸ್ಟ್‌ಗಳಿವೆ. ಹಿಂದೆ ಡೆಂಗ್ಯೂ ಬಂದಿದ್ದರೆ ಡಾಕ್ಟರಿಗೆ ಅದನ್ನು ಹೇಳಿ. ಮೊಣಕಾಲುದ್ದ ನೀರಲ್ಲಿ ನಡೆದಿದ್ದರೆ ಅದನ್ನೂ ಹೇಳಿ.