ಕಲ್ಲಾದ ಚಿಪ್ಪನ್ನು ಗುರುತಿಸುವ ಬಗೆ

ಕೇಳುಗರಿಗೆ ನಮಸ್ಕಾರ. ಸುಣ್ಣಕಲ್ಲಿನ ಪದರದಲ್ಲಿ ಚಿಪ್ಪಿನ ಪಳೆಯುಳಿಕೆಯೊಂದು ಸಿಕ್ಕಿದಾಗ ಅದನ್ನು ಪುಸ್ತಕದ ಚಿತ್ರಗಳೊಡನೆ ಹೋಲಿಸಿ ನೋಡಬೇಕೆಂದು ಹವ್ಯಾಸಿ ಸಂಗ್ರಾಹಕರಿಗೆ ಅನಿಸುವುದು ಸಹಜ. ಆದರೆ ಹೊರನೋಟದ ಹೋಲಿಕೆಯನ್ನು ನಂಬಿದವರು ಬಹುಬೇಗ ದಾರಿ ತಪ್ಪುತ್ತಾರೆ. ಮೊದಲು ನೋಡಬೇಕಾದದ್ದು ಚಿಪ್ಪಿನ ಸಮಮಿತಿಯನ್ನು.

ಎರಡು ಹೋಳುಗಳುಳ್ಳ ಚಿಪ್ಪು ಕಪ್ಪೆಚಿಪ್ಪಿನ ಬಳಗದ್ದಾಗಿರಬಹುದು, ಇಲ್ಲವೇ ಬ್ರಾಕಿಯೊಪಾಡ್ ಎಂಬ ಬೇರೆಯೇ ವರ್ಗದ್ದಾಗಿರಬಹುದು. ಕಪ್ಪೆಚಿಪ್ಪಿನಲ್ಲಿ ಸಾಮಾನ್ಯವಾಗಿ ಎಡಹೋಳು ಬಲಹೋಳಿನ ಪ್ರತಿಬಿಂಬದಂತಿರುತ್ತದೆ; ಆದರೆ ಒಂದೇ ಹೋಳನ್ನು ಹಿಡಿದು ಅದರ ಕೊಕ್ಕಿನಿಂದ, ಅಂದರೆ ಹೋಳುಗಳು ಕೂಡುವ ಕೀಲಿನ ಬಳಿಯ ಚಾಚಿದ ತುದಿಯಿಂದ, ಅಂಚಿನವರೆಗೆ ಗೆರೆ ಎಳೆದಂತೆ ಭಾವಿಸಿ ನೋಡಿದರೆ ಎರಡು ಪಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಬ್ರಾಕಿಯೊಪಾಡಿನಲ್ಲಿ ಇದು ತಿರುವುಮುರುವು: ಹೋಳುಗಳೆರಡೂ ಒಂದೇ ತೆರನಾಗಿರುವುದಿಲ್ಲ, ಆದರೆ ಪ್ರತಿಯೊಂದು ಹೋಳೂ ನಡುಗೆರೆಯ ಎರಡೂ ಬದಿಗೆ ಸರಿಸಮವಾಗಿರುತ್ತದೆ. ಅನೇಕ ಬ್ರಾಕಿಯೊಪಾಡುಗಳ ದೊಡ್ಡ ಹೋಳಿನ ಕೊಕ್ಕಿನ ಬಳಿ ಸಣ್ಣದೊಂದು ರಂಧ್ರವೂ ಕಾಣುತ್ತದೆ. ಜೀವಿ ತಳಕ್ಕೆ ಅಂಟಿಕೊಳ್ಳುತ್ತಿದ್ದ ತೊಟ್ಟು ಹೊರಬರುತ್ತಿದ್ದುದು ಅಲ್ಲಿಂದಲೇ. ಈ ನಿಯಮಕ್ಕೆ ಅಪವಾದಗಳಿಲ್ಲದಿಲ್ಲ. ಜುರಾಸಿಕ್ ಕಾಲದ ಸಮುದ್ರಗಳಲ್ಲಿ ಹೇರಳವಾಗಿದ್ದ ಕಪ್ಪೆಚಿಪ್ಪಿನ ಬಳಗದ ಗ್ರೈಫಿಯಾ ಎಂಬ ಸಿಂಪಿಯ ಎಡಹೋಳು ದಪ್ಪನಾಗಿ ಒಳಕ್ಕೆ ಸುರುಳಿಗೊಂಡಿದ್ದರೆ, ಬಲಹೋಳು ಮುಚ್ಚಳದಂತೆ ಚಪ್ಪಟೆಯಾಗಿರುತ್ತದೆ.

ಕೈಯಲ್ಲಿರುವುದು ನಿಜಕ್ಕೂ ಚಿಪ್ಪೇ ಎಂಬುದನ್ನೂ ಪರೀಕ್ಷಿಸಬೇಕು. ಎಷ್ಟೋ ಸಲ ಚಿಪ್ಪು ಕರಗಿಹೋಗಿ, ಅದರೊಳಗೆ ತುಂಬಿದ್ದ ಕೆಸರು ಗಟ್ಟಿಯಾದ ಒಳ ಅಚ್ಚು ಮಾತ್ರ ಉಳಿದಿರುತ್ತದೆ. ಹೊರಮೈಯ ಏಣುಗಳೂ ಬೆಳವಣಿಗೆಯ ಗೆರೆಗಳೂ ಅದರಲ್ಲಿ ಸ್ಪಷ್ಟವಾಗಿರುವುದಿಲ್ಲವಾದ್ದರಿಂದ ಅದನ್ನು ಹಾಳಾದ ಮಾದರಿಯೆಂದು ಬಿಸಾಡುವವರಿದ್ದಾರೆ. ನನಗೆ ಇದು ದೊಡ್ಡ ನಷ್ಟವೆಂದೇ ತೋರುತ್ತದೆ. ಬೆಳಕನ್ನು ಓರೆಯಾಗಿ ಬೀಳಿಸಿ ಭೂತಗನ್ನಡಿಯಲ್ಲಿ ನೋಡಿದರೆ, ಚಿಪ್ಪನ್ನು ಮುಚ್ಚುತ್ತಿದ್ದ ಸ್ನಾಯುಗಳ ಗುರುತು ಅಚ್ಚಿನ ಮೇಲೆ ಮೆಲ್ಲಗೆ ಉಬ್ಬಿ ಕಾಣುತ್ತದೆ. ಅಂಚಿಗೆ ಸಮಾನಾಂತರವಾಗಿ ಸಾಗುವ ಸಣ್ಣ ಗೆರೆಯೊಂದು ಹಿಂಬದಿಯಲ್ಲಿ ಒಳಕ್ಕೆ ಬಾಗಿದ್ದರೆ, ಆ ಜೀವಿ ಒಳಗೆಳೆದುಕೊಳ್ಳಬಲ್ಲ ನೀರ್ನಳಿಕೆಗಳನ್ನು ಹೊಂದಿತ್ತೆಂದೂ ಬಹುಶಃ ಮರಳಿನಲ್ಲಿ ಹುದುಗಿ ಬದುಕುತ್ತಿತ್ತೆಂದೂ ತಿಳಿಯಬಹುದು.

ಸಿಕ್ಕ ಜಾಗದ ವಿವರವಂತೂ ಚಿಪ್ಪಿನಷ್ಟೇ ಮುಖ್ಯ. ಸುಮಾರು 25 ಕೋಟಿ ವರ್ಷಗಳ ಹಿಂದಿನ ಮಹಾವಿನಾಶಕ್ಕೆ ಮೊದಲು ಸಮುದ್ರತಳದಲ್ಲಿ ಬ್ರಾಕಿಯೊಪಾಡುಗಳೇ ವಿಪುಲವಾಗಿದ್ದವು. ಆಮೇಲೆ ಕಪ್ಪೆಚಿಪ್ಪುಗಳ ಕೈ ಮೇಲಾಯಿತು. ಪದರದ ಕಾಲ ಗೊತ್ತಿದ್ದರೆ ಸಾಧ್ಯತೆಗಳ ಪಟ್ಟಿ ತಾನಾಗಿ ಕಿರಿದಾಗುತ್ತದೆ. ವಿನೆಗರ್‌ನಂಥ ಆಮ್ಲದಿಂದ ತೊಳೆಯಲು ಹೋಗಬೇಡಿ, ಕಲ್ಲಿನ ಜೊತೆಗೆ ಚಿಪ್ಪಿನ ಸುಣ್ಣವೂ ಕರಗುತ್ತದೆ. ತಜ್ಞರಿಗೆ ತೋರಿಸಲು ಎರಡೂ ಹೋಳುಗಳನ್ನು, ಕೊಕ್ಕನ್ನು ಮತ್ತು ಕೀಲಿನ ಹಲ್ಲುಗಳನ್ನು ಅಳತೆಪಟ್ಟಿಯೊಂದಿಗೆ ಚಿತ್ರ ತೆಗೆಯಿರಿ. ಕೀಲು ಕಲ್ಲಿನೊಳಗೆ ಹುದುಗಿದ್ದು ಕಾಣದಿದ್ದಾಗ, ಚೀಟಿಯಲ್ಲಿ ಕುಲದ ಹೆಸರನ್ನಷ್ಟೇ ಬರೆದು ಪ್ರಭೇದದ ಜಾಗವನ್ನು ಖಾಲಿ ಬಿಡುವುದೇ ಸರಿಯಾದ ಕ್ರಮ.